ಸೂಪರ್‌ವಿಷನ್‌ನಲ್ಲಿ ಚಿತ್ರ ಬರೆಯುತ್ತಾ ಅತ್ತುಬಿಟ್ಟೆ, ಇದು ಸರಿನಾ?

ಪ್ರಶ್ನೆ: ನಾನು ಮಂಡ್ಯದ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಆಪ್ತಸಮಾಲೋಚಕಿ. ಎಂ.ಎಸ್.ಡಬ್ಲ್ಯೂ. ಆದಮೇಲೆ ಕೌನ್ಸೆಲಿಂಗ್ ಡಿಪ್ಲೊಮಾ ಮಾಡಿದೆ. ಕೆಲಸಕ್ಕೆ ಸೇರಿ ಮೂರು ವರ್ಷ. ತಿಂಗಳಿಗೆ ಎರಡು ಶನಿವಾರ ಮೈಸೂರಿಗೆ ಬಂದು ಐದು ಜನರ ಗುಂಪಿನಲ್ಲಿ ಸೂಪರ್‌ವಿಷನ್ ತೆಗೆದುಕೊಳ್ಳುತ್ತೇನೆ, ಅಂದರೆ ನಮ್ಮ ಕೇಸ್‌ಗಳನ್ನು ಹಿರಿಯ ಸಮಾಲೋಚಕರ ಮುಂದಿಟ್ಟು ಚರ್ಚಿಸುತ್ತೇವೆ. ಮೊದಲಿದ್ದ ಸರ್ ಕೇಸ್ ಓದಿಸಿ, ಎಲ್ಲಿ ತಪ್ಪಾಗಿದೆ ಅಂತ ಹೇಳುತ್ತಿದ್ದರು. ಈಗ ಬಂದಿರುವ ಮೇಡಂ ಕ್ರೇಯಾನ್ಸ್, ಜೇಡಿಮಣ್ಣು, ಪುಟ್ಟ ಗೊಂಬೆಗಳ ಚೀಲ ಹಿಡಿದುಕೊಂಡೇ ಬರುತ್ತಾರೆ. ಹೋದ ಸಲ ನನ್ನ ಸರದಿ. ಗಂಡ ಸಾಲ ಮಾಡಿ ತೀರಿಕೊಂಡ ಹೆಂಗಸೊಬ್ಬರ ಕೇಸ್. "ಅವರ ಎದುರು ಕೂತಾಗ ನಿಮಗೆ ಹೇಗಿರುತ್ತೆ, ಅದನ್ನು ಬರೆಯಿರಿ" ಅಂದರು. ನಾನು ಒಂದು ಮುಚ್ಚಿದ ಬಾಗಿಲು ಬರೆದು ಕಪ್ಪು ಬಣ್ಣ ತುಂಬಿದೆ. ತುಂಬುತ್ತಾ ತುಂಬುತ್ತಾ ಅಳು ಬಂತು, ತಡೆಯೋಕೆ ಆಗಲಿಲ್ಲ. ಆಗ ಮೇಡಂ, "ಕಪ್ಪು ಬಾಗಿಲು ಅಂದರೆ ನಿಮ್ಮ ತಂದೆಯ ಸಾವು ನಿಮ್ಮೊಳಗೆ ಇನ್ನೂ ಉಳಿದಿದೆ" ಅಂದರು. ಅಪ್ಪ ತೀರಿಕೊಂಡು ನಾಲ್ಕು ವರ್ಷ ಆಗಿರುವುದು ನಿಜ. ಅದನ್ನು ಯಾವಾಗಲೋ ಟೀ ಕುಡಿಯುವಾಗ ಹೇಳಿದ್ದೆ. ಸಂಜೆ ನೋಡಿದರೆ ಎಲ್ಲರ ಚಿತ್ರಗಳ ಫೋಟೋ ನಮ್ಮ ವಾಟ್ಸಾಪ್ ಗುಂಪಿನಲ್ಲಿತ್ತು. ನನ್ನದೂ ಇತ್ತು. ಇದು ಮಕ್ಕಳಾಟ ಅಲ್ವಾ? ಸೂಪರ್‌ವಿಷನ್ನೋ, ನನಗೇ ಕೊಡುತ್ತಿರುವ ಥೆರಪಿಯೋ? ಬೇಡ ಅನ್ನೋಣ ಅಂದರೆ ವರ್ಷದ ಕೊನೆಗೆ ನನ್ನ ವರದಿಗೆ ಸಹಿ ಹಾಕುವವರು ಅವರೇ. ಹಾಗೇ ಇನ್ನೊಂದು: ಇದನ್ನು ನಾನು ಶಾಲೆಯ ಮಕ್ಕಳ ಜೊತೆ ಮಾಡಿಸಬಹುದಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ನಾಲ್ಕು ಪ್ರಶ್ನೆ ಕೇಳಿದ್ದೀರಿ. ನಾಲ್ಕರ ಅಡಿಯಲ್ಲೂ ಇರುವ ಸಂಕಟ ಒಂದೇ ಅಂತ ನನಗನಿಸಿತು. ಕಲಿಯೋಣ ಅಂತ ಹೋದ ಜಾಗದಲ್ಲಿ, ಹೇಳದೆ ಕೇಳದೆ ಯಾರೋ ನಿಮ್ಮ ಮನೆಯ ಒಳಕೋಣೆಗೆ ನುಗ್ಗಿದ ಹಾಗಾಗಿದೆ. ಅದೂ ನಾಲ್ಕು ಜನರ ಎದುರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಣ್ಣ, ಮಣ್ಣು ತಂದದ್ದು ತಪ್ಪಲ್ಲ. ನೀವು ಅತ್ತದ್ದೂ ತಪ್ಪಲ್ಲ. ನಿಮ್ಮ ಚಿತ್ರಕ್ಕೆ ಅವರು ಅರ್ಥ ಹೇಳಿದ್ದು ತಪ್ಪು. ಫೋಟೋ ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು. ಎಲ್ಲವನ್ನೂ ಒಂದೇ ಗಂಟು ಕಟ್ಟಿ "ಈ ಕಲೆ ಗಿಲೆ ನಮಗೆ ಬೇಡ" ಅಂತ ಎಸೆದರೆ ಒಳ್ಳೆಯ ಸಾಧನವೊಂದು ಕೈಬಿಟ್ಟು ಹೋಗುತ್ತದೆ.

ಶುರುವಿಗೆ ಆ ಪದದ ವಿಷಯ. ಸೂಪರ್‌ವೈಸರ್ ಅಂದಕೂಡಲೇ ನಮ್ಮ ಕಡೆ ಕಣ್ಮುಂದೆ ಬರುವುದು ಗಾರ್ಮೆಂಟ್ಸ್‌ನಲ್ಲಿ ಲೈನ್ ಹಿಂದೆ ನಿಂತು ಪೀಸ್ ಎಣಿಸುವವರು. ತಪ್ಪು ಹಿಡಿಯುವುದೇ ಅವರ ಕೆಲಸ. ಈ ಪದವನ್ನು ಹಾಗೇ ಎತ್ತಿಕೊಂಡು ಬಂದದ್ದರಿಂದ ನಮ್ಮ ಕೌನ್ಸೆಲರ್‌ಗಳು ಸೂಪರ್‌ವಿಷನ್‌ಗೆ ಪರೀಕ್ಷೆಗೆ ಬಂದ ಹಾಗೆ ಬರುತ್ತಾರೆ. ಬ್ರಿಟನ್ನಿನ ಬ್ರಿಜಿಡ್ ಪ್ರಾಕ್ಟರ್ 1980ರ ದಶಕದಲ್ಲಿ ಸೂಪರ್‌ವಿಷನ್‌ಗೆ ಮೂರು ಕೆಲಸ ಇದೆ ಅಂದರು. ಕಲಿಸುವುದು. ಕೆಲಸ ನೀತಿಯ ಗೆರೆ ದಾಟದಂತೆ ನೋಡಿಕೊಳ್ಳುವುದು. ಕೌನ್ಸೆಲರ್‌ಗೆ ಹೊರೆ ಇಳಿಸಿ ದಣಿವಾರಿಸಿಕೊಳ್ಳೋಕೆ ಜಾಗ ಕೊಡುವುದು. ನಿಮ್ಮ ಹಳೆಯ ಸರ್ ಮೊದಲ ಎರಡನ್ನು ಮಾಡಿದರು. ಈಗಿನ ಮೇಡಂ ಮೂರನೆಯದಕ್ಕೆ ಕೈ ಹಾಕಿದರು, ಆ ಭರದಲ್ಲಿ ಎರಡನೆಯದನ್ನು ಮರೆತರು. ಅಷ್ಟೇ ಆಗಿರೋದು.

ಇನ್ನು ಮಕ್ಕಳಾಟ ಅನ್ನೋ ಮಾತು. ಅದರಲ್ಲಿ ಅರ್ಧ ನಿಜ ಇದೆ. ಮೇಡಂ ತರುವಂಥ ಪುಟ್ಟ ಗೊಂಬೆಗಳನ್ನು ಮರಳಿನ ತಟ್ಟೆಯಲ್ಲಿ ಇಟ್ಟು ನೋಡುವ ಪದ್ಧತಿ ಹುಟ್ಟಿದ್ದೇ ಮಕ್ಕಳಿಗಾಗಿ. 1920ರ ದಶಕದ ಕೊನೆಗೆ ಲಂಡನ್ನಿನಲ್ಲಿ ಮಾರ್ಗರೆಟ್ ಲೋವೆನ್‌ಫೆಲ್ಡ್ ಎಂಬ ಡಾಕ್ಟರು ತಮ್ಮ ಕ್ಲಿನಿಕ್ಕಿನಲ್ಲಿ ಮರಳಿನ ತಟ್ಟೆ, ನೀರು, ಆಟಿಕೆ ಇಟ್ಟರು. ಮಕ್ಕಳು ಬಾಯಲ್ಲಿ ಹೇಳೋಕಾಗದ್ದನ್ನು ಅದರಲ್ಲಿ ಕಟ್ಟಿ ತೋರಿಸಿದರು. ಸ್ವಿಟ್ಜರ್ಲೆಂಡಿನ ಡೋರಾ ಕಾಲ್ಫ್ ಅದನ್ನು ಕಲಿತು, ತಮ್ಮದೇ ರೀತಿಯಲ್ಲಿ ಬೆಳೆಸಿದರು. ಆಮೇಲೆ ದೊಡ್ಡವರ ಥೆರಪಿಗೂ ಬಂತು, ಅಲ್ಲಿಂದ ಕೌನ್ಸೆಲರ್‌ಗಳ ಸೂಪರ್‌ವಿಷನ್‌ಗೂ ಬಂತು. ಸಾಮಾನ್ಯವಾಗಿ ಆ ತಟ್ಟೆ ಸುಮಾರು 72 ಸೆಂಟಿಮೀಟರ್ ಉದ್ದ, 50 ಅಗಲ, 7 ಆಳ. ಒಳಗೆ ನೀಲಿ ಬಣ್ಣ, ಮರಳು ಸರಿಸಿದರೆ ನೀರು ಕಾಣಲಿ ಅಂತ. ನನ್ನ ಹತ್ತಿರ ಇರುವುದು ದೇವರಾಜ ಮಾರ್ಕೆಟ್ ಪಕ್ಕದ ಅಂಗಡಿಯಲ್ಲಿ ತಂದ ನೀಲಿ ಪ್ಲಾಸ್ಟಿಕ್ ಟ್ರೇ. ಏನೂ ಕಮ್ಮಿಯಾಗಿಲ್ಲ. ನಮ್ಮ ಅಜ್ಜಂದಿರು ಮರಳ ಮೇಲೆ ಬೆರಳಿಟ್ಟು ಅಕ್ಷರ ತಿದ್ದಿದವರು. ಅದನ್ನು ಯಾರೂ ಆಟ ಅನ್ನಲಿಲ್ಲ.

ಬಣ್ಣ, ಮೈಕುಣಿತ, ದನಿ, ಬರವಣಿಗೆ ಎಲ್ಲ ಸೇರಿಸುವ ದಾರಿಗೆ ಹೆಸರಾದವರು ನ್ಯಾಟಲಿ ರೋಜರ್ಸ್. ನೀವು ಡಿಪ್ಲೊಮಾದಲ್ಲಿ ಓದಿರುವ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರ ಮಗಳು. ಅಪ್ಪ ಮಾತನ್ನು ನಂಬಿದರು. ಮಗಳು ಮಾತಿನ ಪಕ್ಕದಲ್ಲಿ ಕಾಗದ, ಮಣ್ಣು ಇಟ್ಟರು. ಆದರೆ ಅಪ್ಪನ ಮುಖ್ಯ ಪಾಠ ಬಿಡಲಿಲ್ಲ: ಚಿತ್ರ ಚೆನ್ನಾಗಿದೆಯೋ ಇಲ್ಲವೋ ಅಂತ ಯಾರೂ ಅಳೆಯಬಾರದು, ಅದರ ಅರ್ಥ ಅದನ್ನು ಬರೆದವರ ಬಾಯಿಂದಲೇ ಬರಬೇಕು. ನಿಮ್ಮ ಮೇಡಂ ಸಾಮಾನು ತಂದರು, ಈ ಪಾಠ ಮನೆಯಲ್ಲಿ ಬಿಟ್ಟು ಬಂದರು.

ಹಾಗಾದರೆ ಸುಮ್ನೆ ಮಾತಾಡಿದರೆ ಸಾಲದಾ, ಇದೆಲ್ಲ ಯಾಕೆ? ಬಹಳ ಸಲ ಮಾತೇ ಸಾಕು. ಸಾಲದೆ ಹೋಗುವುದು ಎಲ್ಲಿ ಅಂತ ಹೇಳುತ್ತೇನೆ. ನೀವು ಮಂಡ್ಯದಲ್ಲಿ ಸೆಷನ್ ಮುಗಿಸಿ, ಕೇಸ್ ಶೀಟ್ ಬರೆದು, ಶನಿವಾರ ಮೈಸೂರಿಗೆ ತರುವಷ್ಟರಲ್ಲಿ ಆ ಕೇಸ್ ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಆಗಿರುತ್ತದೆ. ಸುಕ್ಕೆಲ್ಲ ಹೋಗಿರುತ್ತದೆ. ನೀವು ಎಲ್ಲಿ ತಡವರಿಸಿದಿರಿ, ಯಾವಾಗ ಗಡಿಯಾರ ನೋಡಿದಿರಿ, ಯಾವ ಮಾತಿಗೆ ಹೊಟ್ಟೆ ತೊಳೆಸಿದ ಹಾಗಾಯಿತು, ಇದ್ಯಾವುದೂ ಶೀಟಿನಲ್ಲಿ ಇರಲ್ಲ. ಬೇಕೆಂದು ಮುಚ್ಚಿಟ್ಟಿದ್ದಲ್ಲ. ಬರೆಯುವಾಗಲೇ ಮನಸ್ಸು ಅದನ್ನು ಓರಣ ಮಾಡಿಬಿಟ್ಟಿರುತ್ತದೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಕ್ಲೈಂಟ್ ಮಾತಾಡುವುದು ಮಂಡ್ಯದ ಕನ್ನಡ. ಕೇಸ್ ಶೀಟ್ ಇಂಗ್ಲಿಷು. ನಡುವೆ ಏನೇನೋ ಸೋರಿಹೋಗುತ್ತದೆ.

ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಸೂಪರ್‌ವಿಷನ್‌ಗೆ ಬರುತ್ತಿದ್ದ ಒಬ್ಬ ಕೌನ್ಸೆಲರ್ ಒಂದು ಕೇಸ್ ತಂದರು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಐವತ್ತು ದಾಟಿದ ಹೆಂಗಸು. ಶೀಟಿನಲ್ಲಿ ಆಂಗ್ಸೈಟಿ, ನಿದ್ದೆ ಇಲ್ಲ, ಎದೆ ಬಿಗಿತ ಅಂತ ಬರೆದಿತ್ತು. ನಾಲ್ಕು ಸೆಷನ್ ಆಗಿತ್ತು. ಉಸಿರಾಟದ ಅಭ್ಯಾಸ ಹೇಳಿಕೊಟ್ಟಿದ್ದರು. "ಮುಂದೆ ಹೋಗ್ತಿಲ್ಲ ಮೇಡಂ" ಅಂದರು. ಆ ಹೆಂಗಸು ಎದೆಯ ವಿಷಯ ಯಾವ ಮಾತಲ್ಲಿ ಹೇಳಿದರು ಅಂತ ಕೇಳಿದೆ. ನೆನಪು ಮಾಡಿಕೊಂಡು ಅಂದರು: "ಎದೆ ಮ್ಯಾಲೆ ಕಲ್ಲು ಮಡಗ್ದಂಗಾಯ್ತದೆ ಕಣವ್ವ."

ಕಾಗದ ಕೊಟ್ಟು, ಆ ಕಲ್ಲು ಬರೆಯಿರಿ ಅಂದೆ. ಅಷ್ಟೇ, ಬೇರೆ ಏನೂ ಹೇಳಲಿಲ್ಲ. ಅವರು ಮೊದಲು ಒಂದು ಗುಂಡುಕಲ್ಲು ಬರೆದರು. ಯಾಕೋ ಸರಿಬರಲಿಲ್ಲ, ಹಾಳೆ ತಿರುಗಿಸಿ ಮತ್ತೆ ಬರೆದರು. ಈ ಸಲ ಚಪ್ಪಡಿ ಕಲ್ಲು. ಕಲ್ಲಿನ ಮೇಲೆ, ತಮಗೇ ಗೊತ್ತಿಲ್ಲದ ಹಾಗೆ, ಎರಡು ಕೈ ಬರೆದರು. ಬರೆದು ಒಂದು ನಿಮಿಷ ಸುಮ್ಮನೆ ನೋಡುತ್ತಾ ಕೂತರು. ಆಮೇಲೆ ಅವರೇ ಹೇಳಿದರು: "ಮೇಡಂ, ಕಲ್ಲು ಐತೆ ಅಂದಿಲ್ಲ ಅವರು. ಮಡಗ್ದಂಗೆ ಅಂದವ್ರೆ. ಯಾರು ಮಡಗಿದ್ದು ಅಂತ ನಾನು ಕೇಳೇ ಇಲ್ಲ."

ನಾಲ್ಕು ಸೆಷನ್‌ನಿಂದ ಆ ಮಾತು ಅಲ್ಲೇ ಬಿದ್ದಿತ್ತು. ಇಂಗ್ಲಿಷಿನ ಒಂದು ಪದ ಅದನ್ನು ಮುಚ್ಚಿತ್ತು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆಂದ ಇರುತ್ತಿತ್ತು. ಮುಗಿಯಲಿಲ್ಲ. ಆ ಕೈ ಗಂಡನದೋ ಮಗನದೋ ಇರಬೇಕು ಅಂತ ನಾವಿಬ್ಬರೂ ಅಂದುಕೊಂಡೆವು. ಮುಂದಿನ ವಾರ ಕೌನ್ಸೆಲರ್ ಮೆಲ್ಲಗೆ ಕೇಳಿದಾಗ ಆ ಹೆಂಗಸು, "ನಾನೇ ಮಡೀಕಂಡಿವ್ನಿ, ಇನ್ಯಾರು ಮಡಗ್ತಾರೆ" ಅಂದರಂತೆ. ನಮ್ಮ ಊಹೆ ಪೂರ್ತಿ ತಪ್ಪು. ಆದರೆ ಪ್ರಶ್ನೆ ಸರಿಯಾಗಿತ್ತು. ಅಲ್ಲಿಂದ ಮಾತು ಬೇರೆ ಕಡೆ ತಿರುಗಿತು. ಸೂಪರ್‌ವಿಷನ್‌ನಲ್ಲಿ ಬರೆದ ಚಿತ್ರದಿಂದ ನಾನು ಬಯಸುವುದು ಇಷ್ಟೇ. ಕ್ಲೈಂಟ್ ಯಾರು ಅಂತ ಅದು ಹೇಳಲ್ಲ. ನೀವು ಏನು ಕೇಳಿಸಿಕೊಳ್ಳಲಿಲ್ಲ ಅನ್ನೋದನ್ನು ತೋರಿಸುತ್ತದೆ.

ಇನ್ನೊಂದು ಕಾರಣವೂ ಇದೆ. ಅಮೆರಿಕದ ಮನೋವೈದ್ಯ ಹೆರಾಲ್ಡ್ ಸೀರ್ಲ್ಸ್ 1955ರಲ್ಲಿ ಒಂದು ವಿಚಿತ್ರ ಗಮನಿಸಿ ಬರೆದರು. ರೋಗಿ ಮತ್ತು ಥೆರಪಿಸ್ಟ್ ನಡುವೆ ನಡೆಯುವುದೇ ಥೆರಪಿಸ್ಟ್ ಮತ್ತು ಸೂಪರ್‌ವೈಸರ್ ನಡುವೆಯೂ ನಡೆದುಬಿಡುತ್ತದೆ, ಇಬ್ಬರಿಗೂ ಗೊತ್ತಾಗದ ಹಾಗೆ. ಬಾಯಿ ಬಿಡದ ಹುಡುಗನ ಕೇಸ್ ತಂದ ಕೌನ್ಸೆಲರ್ ನನ್ನ ಎದುರು ತಾವೂ ಬಾಯಿ ಬಿಡಲ್ಲ. ನನಗೆ ಸಿಟ್ಟು ಬರುತ್ತದೆ. ಆ ಹುಡುಗನ ಮೇಷ್ಟರಿಗೂ ಹೀಗೇ ಸಿಟ್ಟು ಬಂದಿರಬೇಕು! ಮಾತಲ್ಲಿ ಇದನ್ನು ಹಿಡಿಯುವುದು ಕಷ್ಟ. ನಾವೇ ಅದರೊಳಗೆ ಸಿಕ್ಕಿಕೊಂಡಿರುತ್ತೇವೆ. ಮರಳಿನ ಮೇಲೆ ಕ್ಲೈಂಟು, ನೀವು, ನಾನು ಅಂತ ಮೂರು ಗೊಂಬೆ ಇಟ್ಟರೆ, ದೂರ ನಿಂತು ನೋಡಬಹುದು.

ಗೊಂಬೆ ಅಂದಾಗ ನೆನಪಾಯಿತು. ಮೈಸೂರಿನವರಿಗೆ ಗೊಂಬೆಗೆ ಬರವೇ? ದಸರಾ ಮುಗಿದಮೇಲೆ ಕಾಲು ಮುರಿದ ಗೊಂಬೆಗಳನ್ನು ಪರಿಚಯದವರು ನನಗೇ ತಂದುಕೊಡುತ್ತಾರೆ. ಚನ್ನಪಟ್ಟಣದ ಆಟಿಕೆಗಳಿವೆ, ಗುಂಡಿಗಳಿವೆ, ನದಿಕಲ್ಲುಗಳಿವೆ. ಒಮ್ಮೆ ಯಾರೋ ಕೊಟ್ಟ ಹಳೆಯ ಪಟ್ಟದ ಗೊಂಬೆ ಜೋಡಿಯೂ ಆ ಬುಟ್ಟಿಯಲ್ಲಿತ್ತು, ರಾಜ ರಾಣಿ. ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದಿದ್ದ ಹುಡುಗಿಯೊಬ್ಬಳ ಕೇಸ್ ನೋಡುತ್ತಿದ್ದ ಕೌನ್ಸೆಲರ್ ಅದನ್ನೇ ಎತ್ತಿಕೊಂಡರು. ಹುಡುಗಿ ತವರಿನಲ್ಲಿದ್ದಾಳೆ, ಗಂಡ ಬೇರೆ ಊರು. ಆದರೆ ಮರಳಿನಲ್ಲಿ ಇಬ್ಬರೂ ಪಕ್ಕಪಕ್ಕ. ಈಗ ಇಬ್ಬರೂ ಎಲ್ಲಿದ್ದಾರೋ ಅಲ್ಲಿಡಿ ಅಂದೆ. ರಾಣಿಯನ್ನು ಎತ್ತಿದರು, ಮತ್ತೆ ಅಲ್ಲೇ ಇಟ್ಟರು. "ಜೋಡಿ ಬೇರೆ ಮಾಡಬಾರದು ಮೇಡಂ" ಅಂದು ನಕ್ಕರು. ನಗು ನಿಂತಿತು. "ಅಯ್ಯೋ, ನಾನು ಅವಳಿಗೂ ಇದನ್ನೇ ಹೇಳ್ತಾ ಬಂದಿದ್ದೀನಾ?" ಅಂದರು. ಹೌದು, ಮೂರು ಸೆಷನ್‌ನಿಂದ ಹೊಂದಾಣಿಕೆಯ ಮಾತೇ ಆಡಿದ್ದರು. ಬಾಯಲ್ಲಿ ಕೇಳಿದ್ದರೆ, ನಾನು ಯಾರ ಪರವೂ ಇಲ್ಲ ಅಂತ ಹೇಳುತ್ತಿದ್ದರು. ನಂಬಿಕೊಂಡೇ ಹೇಳುತ್ತಿದ್ದರು.

ಅಂದಹಾಗೆ, ಕೆಲವರು ದೇವರ ಗೊಂಬೆಯನ್ನು ಮರಳಿನಲ್ಲಿ ಇಡಲು ಒಪ್ಪಲ್ಲ. ಪೂಜೆಗೆ ಇಟ್ಟದ್ದನ್ನು ಬುಟ್ಟಿಗೆ ಹಾಕಲೂಬಾರದು. ಅದನ್ನು 'ಪ್ರತಿರೋಧ', ಅಂದರೆ ಒಳಗಿನದನ್ನು ಹೊರಗೆ ಬಿಡದ ಹಟ, ಅಂತ ಕರೆಯುವ ಸೂಪರ್‌ವೈಸರ್‌ಗೆ ಸ್ವಲ್ಪ ಬುದ್ಧಿ ಹೇಳಬೇಕು.

ಈಗ ನಿಮ್ಮ ಕಪ್ಪು ಬಾಗಿಲಿಗೆ ಬರೋಣ. ಕಪ್ಪು ಅಂದರೆ ದುಃಖ, ಕೆಂಪು ಅಂದರೆ ಸಿಟ್ಟು, ಎಲೆಯಿಲ್ಲದ ಮರ ಅಂದರೆ ಖಿನ್ನತೆ. ಇಂಥ ಪಟ್ಟಿಗಳು ಎಲ್ಲ ಕಡೆ ಓಡಾಡುತ್ತಿವೆ. ಒಂದೊಂದು ಗುರುತಿಗೆ ಒಂದೊಂದು ಅರ್ಥ ಎಂಬ ಈ ಲೆಕ್ಕ ಸಂಶೋಧನೆಯ ಪರೀಕ್ಷೆಯಲ್ಲಿ ನಿಂತಿಲ್ಲ. ನಮ್ಮ ಮನೆಗಳನ್ನೇ ನೋಡಿ. ಕೆಂಪು ಕುಂಕುಮ. ಕಪ್ಪು ಮಗುವಿನ ಕೆನ್ನೆಯ ದೃಷ್ಟಿಬೊಟ್ಟು, ಕಾಪಾಡುವ ಬಣ್ಣ. ಎಷ್ಟೋ ಸಲ ಡಬ್ಬಿಯಲ್ಲಿ ಮುರಿಯದೆ ಉಳಿದಿರುವುದು ಕಪ್ಪು ಕ್ರೇಯಾನ್ ಒಂದೇ ಆಗಿರುತ್ತದೆ!

ನಿಮ್ಮ ಬಾಗಿಲು ನನ್ನ ಎದುರು ಬಂದಿದ್ದರೆ ಏನು ಕೇಳುತ್ತಿದ್ದೆ? ಈ ಬಾಗಿಲಿನ ಯಾವ ಕಡೆ ನೀವಿದ್ದೀರಿ? ಆ ಹೆಂಗಸು ಒಳಗಿದ್ದಾರಾ, ಹೊರಗಾ? ಚಿಲಕ ಯಾವ ಕಡೆಗಿದೆ? ಅವರ ಜೊತೆ ಕೂತಾಗ ಯಾವ ಮಾತಿಗೆ ಈ ಬಾಗಿಲು ಹಾಕಿಕೊಂಡಿತು? ಎಲ್ಲ ಪ್ರಶ್ನೆಯೂ ಕೊನೆಗೆ ಕ್ಲೈಂಟ್ ಕಡೆಗೇ ವಾಪಸ್ ಹೋಗುತ್ತದೆ, ನೋಡಿ. ಅಪ್ಪನ ನೆನಪು ಬಂದಿದ್ದರೆ ನೀವೇ ಹೇಳುತ್ತಿದ್ದಿರಿ. ಹೇಳದೆಯೂ ಇರಬಹುದಿತ್ತು. ಅದು ನಿಮ್ಮಿಷ್ಟ.

ಸೂಪರ್‌ವಿಷನ್ನಾ ಥೆರಪಿನಾ ಅನ್ನೋದಕ್ಕೆ ಗೆರೆ ಇಲ್ಲೇ ಇದೆ. ಅಳು ಬಂತು ಅಂದಮಾತ್ರಕ್ಕೆ ಥೆರಪಿ ಆಗಿಬಿಡಲ್ಲ. ಸಾವಿನ ಮನೆಯ ಮಾತನ್ನು ವಾರಗಟ್ಟಲೆ ಕೇಳಿದವರಿಗೆ ಅಳು ಬರದಿದ್ದರೆ ನನಗೆ ಚಿಂತೆಯಾಗುತ್ತದೆ. ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್‌ನ 2014ರ ನೀತಿಸಂಹಿತೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಸೂಪರ್‌ವೈಸರ್ ತನ್ನ ಕೈಕೆಳಗಿನ ಕೌನ್ಸೆಲರ್‌ಗೆ ತಾನೇ ಕೌನ್ಸೆಲಿಂಗ್ ಮಾಡಬಾರದು. ಅವರ ಸ್ವಂತ ವಿಷಯ ಕ್ಲೈಂಟ್‌ಗೆ, ಸೂಪರ್‌ವಿಷನ್ ಸಂಬಂಧಕ್ಕೆ, ಕೆಲಸಕ್ಕೆ ಎಷ್ಟು ತಾಗುತ್ತದೋ ಅಷ್ಟರಮಟ್ಟಿಗೆ ಮಾತ್ರ ಮಾತಾಡಬಹುದು. ಅದು ಅವರ ದೇಶದ ಸಂಹಿತೆ, ಸರಿ. ಆದರೆ ಕಾರಣ ನಮಗೂ ಒಪ್ಪುತ್ತದೆ. ನಿಮ್ಮ ವರದಿಗೆ ಸಹಿ ಹಾಕುವ ಕೈಯೇ ನಿಮ್ಮ ಗಾಯವನ್ನೂ ಮುಟ್ಟಿದರೆ ನೀವು ಮನಸ್ಸು ಬಿಚ್ಚಿ "ನೋವಾಯ್ತು" ಅನ್ನೋಕಾಗಲ್ಲ.

"ನಿಮ್ಮ ತಂದೆಯ ಸಾವು ನೆನಪಾದರೆ ಆ ಹೆಂಗಸಿನ ಮಾತು ಕೇಳಿಸಿಕೊಳ್ಳೋದು ಕಷ್ಟ ಆಗ್ತಿದೆಯಾ?" ಅಂತ, ಅದೂ ನಿಮ್ಮನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳಿದ್ದರೆ ಅದು ಸೂಪರ್‌ವಿಷನ್. ನೀವು ಹೌದು ಅಂದರೆ, "ಇದನ್ನು ಬೇರೆಯವರ ಹತ್ತಿರ ಮಾತಾಡೋದು ಒಳ್ಳೆಯದು, ಹೆಸರು ಬೇಕಾದರೆ ಹೇಳ್ತೀನಿ" ಅನ್ನಬೇಕು. ಅಲ್ಲಿಗೆ ನಿಲ್ಲಿಸಬೇಕು.

ಇಷ್ಟು ಜೋರಾಗಿ ಹೇಳೋಕೆ ಕಾರಣ, ಇದೇ ತಪ್ಪು ನಾನೂ ಮಾಡಿದ್ದೇನೆ. ಹೊಸದಾಗಿ ಕಲಿತ ಉತ್ಸಾಹ. ಒಬ್ಬ ಕೌನ್ಸೆಲರ್ ಬರೆದ ಮನೆಯ ಚಿತ್ರ ನೋಡಿ, "ಕಿಟಕಿ ಇಲ್ಲ, ಅಂದರೆ ನೀವು ಯಾರನ್ನೂ ಒಳಗೆ ಬಿಡಲ್ಲ" ಅಂದೆ. ಅವರು ತಲೆಯಾಡಿಸಿದರು. ನನಗೆ ಜಾಣತನ ಮಾಡಿದೆ ಅಂತ ಖುಷಿ. ಆಮೇಲಿನ ತಿಂಗಳುಗಳಲ್ಲಿ ಅವರು ಬರೆದದ್ದೆಲ್ಲ ಒಂದೇ ಚಿತ್ರ: ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ನದಿ, ಪಕ್ಕದಲ್ಲಿ ತೆಂಗಿನಮರ. ಪ್ರೈಮರಿ ಸ್ಕೂಲಿನಲ್ಲಿ ನಾವೆಲ್ಲರೂ ಬರೆದದ್ದೇ. ಕದ ಹಾಕಿಕೊಂಡಿದ್ದರು, ಹಾಕಿಸಿದ್ದು ನಾನು. ತಲೆಯಾಡಿಸುವುದನ್ನು ಒಪ್ಪಿಗೆ ಅಂತ ಓದಬಾರದು ಅಂತ ಆಗ ಕಲಿತೆ. ನಮ್ಮಲ್ಲಿ ದೊಡ್ಡವರ ಎದುರು ತಲೆಯಾಡಿಸುವುದು ಮರ್ಯಾದೆ, ಅಷ್ಟೇ.

ಇದರಿಂದ ಉಪಯೋಗ ಆಗುತ್ತದೆ ಅನ್ನೋದಕ್ಕೆ ಪುರಾವೆ ಇದೆಯಾ? ಸಣ್ಣಸಣ್ಣ ಅಧ್ಯಯನಗಳಿವೆ. ಹೆಚ್ಚಿನವು ಕೌನ್ಸೆಲರ್‌ಗಳನ್ನೇ ಕೇಳಿ ಬರೆದಂಥವು. ತಮ್ಮ ಬಗ್ಗೆ ಅರಿವು ಹೆಚ್ಚಿತು, ಕೇಸನ್ನು ಬೇರೆ ಕಣ್ಣಿಂದ ನೋಡಿದೆವು ಅಂತ ಅವರು ಹೇಳುತ್ತಾರೆ. ಕ್ಲೈಂಟ್‌ಗಳು ಇದರಿಂದ ಬೇಗ ಚೇತರಿಸಿಕೊಂಡರು ಅಂತ ತೋರಿಸುವ ಗಟ್ಟಿ ಪುರಾವೆ ಇಲ್ಲ. ಹಾಗಾಗಿ ಇದು ಅಡುಗೆಯಲ್ಲಿ ಒಗ್ಗರಣೆ ಇದ್ದ ಹಾಗೆ, ಇಡೀ ಅಡುಗೆ ಅಲ್ಲ. ನಾನು ಮೂರು ನಾಲ್ಕು ಸಲಕ್ಕೆ ಒಮ್ಮೆ ಬಳಸುತ್ತೇನೆ. ಪ್ರತಿ ಶನಿವಾರ ಚೀಲ ಬಿಚ್ಚುವುದು ನನಗೆ ಜಾಸ್ತಿ ಅನಿಸುತ್ತದೆ.

ಕೆಲವು ಹೊತ್ತಿನಲ್ಲಿ ಚೀಲ ಮುಟ್ಟಲೇಬಾರದು. ಕ್ಲೈಂಟ್ ಸಾಯುವ ಮಾತಾಡಿದ್ದಾರೆ ಅಂತ ನೀವು ಬಂದರೆ, ಬಣ್ಣ ಆಮೇಲೆ. ಯಾವಾಗ ಹೇಳಿದರು, ಹೇಗೆ ಅಂತ ಯೋಚಿಸಿದ್ದಾರಾ, ಮನೆಯಲ್ಲಿ ಕ್ರಿಮಿನಾಶಕ ಇದೆಯಾ, ಈಗ ಜೊತೆಗೆ ಯಾರಿದ್ದಾರೆ, ಡಾಕ್ಟರಿಗೆ ತೋರಿಸಿದ್ದೀರಾ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಟ್ಟಿದ್ದೀರಾ. ನೇರ ಮಾತು, ಅವತ್ತೇ. ನಿಮ್ಮ ಈ ಕೇಸಿನಲ್ಲೂ ಗಂಡ ಹೋದ ಮನೆ, ತಲೆ ಮೇಲೆ ಸಾಲ. ಆ ಹೆಂಗಸಿಗೇ ಇಂಥ ಯೋಚನೆ ಇದೆಯಾ ಅಂತ ಕೇಳಿದ್ದೀರಾ? ಪತ್ರದಲ್ಲಿ ಇಲ್ಲ. ಕೇಳಿಲ್ಲದಿದ್ದರೆ ಮುಂದಿನ ಸೆಷನ್‌ವರೆಗೂ ಕಾಯದೆ ಕೇಳಿ. ಕೇಳಿದರೆ ತಲೆಗೆ ಹುಳ ಬಿಟ್ಟಂತಾಗುತ್ತೆ ಅನ್ನೋದು ಸುಳ್ಳು. ಹಾಗೇ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದರೆ, 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಂದಿನ ಸೂಪರ್‌ವಿಷನ್ ಬರಲಿ ಅಂತ ಕಾಯುವಂತಿಲ್ಲ.

ಫೋಟೋ ವಿಷಯದಲ್ಲಿ ನನಗೆ ಮೃದುವಾಗಿ ಹೇಳೋಕೆ ಬರಲ್ಲ. ಆ ಚಿತ್ರ ಕೇಸ್ ಶೀಟಿನಷ್ಟೇ ಗುಟ್ಟಿನದು. ಬಾಗಿಲು ಅಷ್ಟೇ ಅಲ್ವಾ ಅನ್ನಬೇಡಿ. ಇವತ್ತು ಬಾಗಿಲು, ನಾಳೆ ಇನ್ನೊಬ್ಬರು ಕ್ಲೈಂಟ್ ಮನೆ ಮುಂದಿನ ಅರಳಿಕಟ್ಟೆ, ನೀಲಿ ಗೇಟು, ನಿಂತ ಟ್ರ್ಯಾಕ್ಟರ್ ಬರೆಯುತ್ತಾರೆ. ಮಂಡ್ಯ, ಮದ್ದೂರು, ಪಾಂಡವಪುರದಲ್ಲಿ ಅಷ್ಟು ಸಾಕು, ಇದು ಇಂಥವರ ಮನೆ ಅಂತ ಹೇಳೋಕೆ. ವಾಟ್ಸಾಪ್ ಫೋಟೋ ಐದು ಫೋನಿನ ಗ್ಯಾಲರಿಗೆ ತಾನೇ ಇಳಿಯಬಹುದು. ಆ ಫೋನನ್ನು ಮನೆಯಲ್ಲಿ ಮಕ್ಕಳೂ ನೋಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯಲ್ಲಿರುವವರ ವಿಷಯ ಗುಟ್ಟಾಗಿರುವುದನ್ನು ಅವರ ಹಕ್ಕು ಅನ್ನುತ್ತದೆ. ಕಾನೂನು ಬಿಡಿ, ಆ ಹೆಂಗಸು ನಿಮ್ಮನ್ನು ನಂಬಿ ಹೇಳಿದ್ದು. ಫೋಟೋ ಎಲ್ಲರ ಫೋನಿನಿಂದಲೂ ಅಳಿಸಬೇಕು.

ಬೇಡ ಅನ್ನಬಹುದಾ? ಅನ್ನಬಹುದು. ಹೇಗೆ ಅನ್ನಬೇಕು ಅನ್ನೋದರಲ್ಲಿ ಸ್ವಲ್ಪ ಜಾಣ್ಮೆ ಬೇಕು. ಗುಂಪಿನಲ್ಲಿ ಎತ್ತಬೇಡಿ, ಅವರಿಗೂ ಮುಖ ಉಳಿಯಬೇಕಲ್ಲ. ಫೋನ್ ಮಾಡಿ ಹದಿನೈದು ನಿಮಿಷ ಕೇಳಿ. ಹೀಗೆ ಶುರು ಮಾಡಿ: "ಮೇಡಂ, ಚಿತ್ರ ಬರೆದಾಗ ನನಗೆ ಏನೋ ಹೊಳೀತು, ಅದು ಉಪಯೋಗ ಆಯ್ತು. ಆದರೆ ಅಪ್ಪನ ವಿಷಯ ಎಲ್ಲರ ಮುಂದೆ ಬಂದದ್ದು, ಫೋಟೋ ಹಾಕಿದ್ದು ನನಗೆ ಕಷ್ಟ ಆಯ್ತು." ಆಮೇಲೆ ಮುಂದಿನ ಸಲಕ್ಕೆ ಏನು ಬೇಕು ಅಂತ ಕೇಳಿ. ನಾನಾದರೆ ಕೇಳುವುದು ಇವು: ಶುರುವಿಗೆ ಮೊದಲೇ ಏನು ಮಾಡಿಸುತ್ತೀರಿ ಅಂತ ಹೇಳಬೇಕು. ಇವತ್ತು ಬೇಡ ಅಂದರೆ ಕಾರಣ ಕೇಳಬಾರದು. ಅರ್ಥ ನಾನೇ ಹೇಳುತ್ತೇನೆ. ಹಾಳೆ ನನ್ನ ಹತ್ತಿರವೇ ಇರುತ್ತದೆ. ವರ್ಷದ ವರದಿಯಲ್ಲಿ ಚಿತ್ರದ ಮಾತು ಬರಬಾರದು.

ಇದಕ್ಕೆ ಅವರು ಒಪ್ಪಿದರೆ ನೀವು ಮುಂದುವರಿಯಿರಿ ಅನ್ನುತ್ತೇನೆ. ಹೊಸ ಸಾಧನ ಹಿಡಿದವರು ಒಂದೆರಡು ಸಲ ಎಡವುತ್ತಾರೆ. ಆದರೂ ಒಮ್ಮೆ ಕದಡಿದ ನಂಬಿಕೆ ತಿಳಿಯಾಗಲು ಸಮಯ ಬೇಕು. ಅಲ್ಲಿವರೆಗೆ ಗುಂಪಿನಲ್ಲಿ ಹಗುರ ಕೇಸ್ ತರುತ್ತಾ ಹೋಗುವ ಆಸೆ ಹುಟ್ಟುತ್ತದೆ. ಹಾಗಾದರೆ ಭಾರದ ಕೇಸ್‌ಗಳನ್ನು ನೀವು ಒಬ್ಬರೇ ಹೊರುತ್ತೀರಿ, ಅದು ಅಪಾಯ. ಅಂಥ ಕೇಸ್‌ಗೆ ಮೇಡಂ ಹತ್ತಿರವೇ ಒಬ್ಬರೇ ಕೂತು ಮಾತಾಡುವ ಸಮಯ ಕೇಳಿ.

ಚಿತ್ರ ಮಾತ್ರ ಬೇಡ, ಉಳಿದದ್ದು ಸರಿ ಅನಿಸಿದರೆ ಅದಕ್ಕೂ ದಾರಿ ಇದೆ. ಈ ಕೇಸ್ ಯಾವ ಗಾದೆ ನೆನಪಿಸುತ್ತೆ ಅಂತ ಒಂದು ಮಾತಲ್ಲಿ ಹೇಳಬಹುದು. ಕುರ್ಚಿ ಬದಲಿಸಿ, ಕ್ಲೈಂಟ್ ಕೂತ ಹಾಗೆ ಕೂತು ನೋಡಬಹುದು. ಆದರೆ ಕುರ್ಚಿಯನ್ನು ಹಗುರವಾಗಿ ಎಣಿಸಬೇಡಿ, ಕೆಲವರಿಗೆ ಅದು ಚಿತ್ರಕ್ಕಿಂತ ಬೇಗ ಅಳು ತರಿಸುತ್ತದೆ.

ಅವರು ಸಿಟ್ಟಾದರೆ, ಅಥವಾ "ನಿಮಗೆ ಪ್ರತಿರೋಧ ಜಾಸ್ತಿ" ಅಂದರೆ? ಆಗ ಮಾತಾಡಿದ ದಿನ, ಆಡಿದ ಮಾತು ಬರೆದಿಟ್ಟುಕೊಳ್ಳಿ. ಸಂಸ್ಥೆಯ ಮುಖ್ಯಸ್ಥರಿಗೆ ಹೇಳಿ, ಬೇರೆ ಸೂಪರ್‌ವೈಸರ್ ಕೇಳಿ. ಇದರಲ್ಲಿ ನಷ್ಟ ಇಲ್ಲ ಅಂತ ನಾನು ಹೇಳಲ್ಲ. ಮೈಸೂರು ಮಂಡ್ಯದ ನಮ್ಮ ಕ್ಷೇತ್ರ ಸಣ್ಣದು, ಎಲ್ಲರಿಗೂ ಎಲ್ಲರೂ ಗೊತ್ತು. ನಾಲ್ಕು ಜನ ಸಮಾನ ಸ್ನೇಹಿತರು ಸೇರಿ ಪರಸ್ಪರ ಕೇಸ್ ನೋಡುವುದು ಒಳ್ಳೆಯದೇ. ಆದರೆ ಅಲ್ಲಿ "ಇದು ತಪ್ಪು" ಅಂತ ಹೇಳುವವರು ಇರಲ್ಲ, ಅದೊಂದು ಕೊರತೆ.

ಅಪ್ಪನ ವಿಷಯ. ಮೇಡಂ ಹೇಳಿದ ರೀತಿ ತಪ್ಪು. ಹೇಳಿದ ವಿಷಯ ತಪ್ಪೇ ಆಗಿರಬೇಕು ಅಂತಿಲ್ಲ. ಆ ಹೆಂಗಸಿನ ಸೆಷನ್ ಹಿಂದಿನ ರಾತ್ರಿ ನಿದ್ದೆ ಬರಲ್ವಾ? ಅವರು ಬರಲಿಲ್ಲ ಅಂದರೆ ಒಳಗೊಳಗೇ ಹಗುರ ಅನಿಸುತ್ತಾ? ಹೌದಾದರೆ ಯಾರಾದರೂ ಕೌನ್ಸೆಲರ್ ಹತ್ತಿರ ನೀವೇ ಕ್ಲೈಂಟ್ ಆಗಿ ಹೋಗಿ ಕೂತು ಬನ್ನಿ. ನಾನೂ ಹೋಗಿದ್ದೇನೆ. ಅಲ್ಲದಿದ್ದರೆ ಬಿಟ್ಟುಬಿಡಿ.

ಶಾಲೆಯ ಮಕ್ಕಳ ಜೊತೆ? ಕ್ರೇಯಾನ್ಸ್ ಕೊಟ್ಟು ಬರೆಯೋಕೆ ಬಿಡಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಬರೆಯುತ್ತಾ ಮಕ್ಕಳು ಮಾತಾಡುತ್ತಾರೆ, ಕೇಳಿಸಿಕೊಳ್ಳಿ. ಆದರೆ ಅದನ್ನು ಆರ್ಟ್ ಥೆರಪಿ ಅನ್ನಬೇಡಿ, ಚಿತ್ರ ನೋಡಿ ಪೋಷಕರಿಗೆ ವರದಿ ಬರೆಯಬೇಡಿ. ಮರಳಿನ ತಟ್ಟೆಯನ್ನು ತರಬೇತಿ ಇಲ್ಲದೆ ಸದ್ಯಕ್ಕೆ ಮುಟ್ಟಬೇಡಿ. ಎರಡು ದಿನದ ಕಾರ್ಯಾಗಾರದಲ್ಲಿ ಸರ್ಟಿಫಿಕೇಟ್ ಸಿಗುತ್ತದೆ. ಆದರೆ ಮಗು ಮರಳಿನಲ್ಲಿ ಒಂದು ಗೊಂಬೆಯನ್ನು ಹೂತಿಟ್ಟು ನಿಮ್ಮ ಮುಖ ನೋಡಿದಾಗ ಏನು ಮಾಡಬೇಕು ಅಂತ ಅಲ್ಲಿ ಕಲಿಯೋಕಾಗಲ್ಲ.

ಕೊನೆಗೆ ಒಂದು. ನೀವು ಬರೆದ ಆ ಹಾಳೆ ಈಗ ಯಾರ ಹತ್ತಿರ ಇದೆ ಅಂತ ಪತ್ರದಲ್ಲಿಲ್ಲ. ಬಹುಶಃ ಮೇಡಂ ಚೀಲದಲ್ಲೇ ಇರಬೇಕು. ಬರುವ ಶನಿವಾರ ಹೋದಾಗ ಮೊದಲು ಅದನ್ನು ವಾಪಸ್ ಕೇಳಿ ತಗೊಳ್ಳಿ.